‘ವಿದ್ಯಾರ್ಥಿ-ಕ್ರೀಡಾಪಟು’: ಒಂದು ಪಾರಿಭಾಷಿಕ ಶಬ್ದದ ಚರಿತ್ರೆ

ಅವಯವಗಳ ಬಲದಿಂದ ಅರ್ಥವನ್ನು ಕೊಡುವ ಶಬ್ದವು ಯೌಗಿಕವೆಂದೂ, ಲೋಕರೂಢಿಯಿಂದ ಕೊಡುವುದು ರೂಢವೆಂದೂ, ಎರಡರ ಬಲವೂ ಕೂಡಿದ್ದು ಯೋಗರೂಢವೆಂದೂ ನಮ್ಮ ಶಾಸ್ತ್ರಕಾರರು ವಿಭಾಗಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಇವಲ್ಲದೆ ಶಾಸ್ತ್ರದ ಅಥವಾ ವ್ಯವಹಾರದ ಸೌಕರ್ಯಕ್ಕಾಗಿ ಒಬ್ಬರು ಹೊಸದಾಗಿ ಸಂಕೇತ ಮಾಡಿ ಚಲಾವಣೆಗೆ ತಂದ ಶಬ್ದಗಳುಂಟು. ಅವು ಪಾರಿಭಾಷಿಕಗಳು. ರೂಢಶಬ್ದವನ್ನು ಯಾರು ಮಾಡಿದರೆಂದು ಕೇಳುವುದು ವ್ಯರ್ಥ. ಪಾರಿಭಾಷಿಕವನ್ನಾದರೋ ಯಾರು, ಯಾವಾಗ, ಯಾವ ಪ್ರಯೋಜನಕ್ಕಾಗಿ ಮಾಡಿದರೆಂದು ಕೇಳಲೇಬೇಕು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಾಲೇಜುಗಳಲ್ಲಿ ಹುಟ್ಟಿದ ‘ಸ್ಟೂಡೆಂಟ್-ಅಥ್ಲೀಟ್’ ಎಂಬುದು ಅಂಥ ಒಂದು ಶಬ್ದ. ‘ವಿದ್ಯಾರ್ಥಿ-ಕ್ರೀಡಾಪಟು’ ಎಂದು ಇದನ್ನು ಕನ್ನಡಿಸಿಕೊಂಡು ಇದರ ಪೂರ್ವೋತ್ತರಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ದೂರದೇಶದ ಚೆಂಡಾಟದ ನಿಯಮಗಳಿಗೂ ಈ ಪತ್ರಿಕೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಎರಡು ಪದಗಳ ನಡುವಣ ಒಂದು ಗೆರೆಯ ಬಲದಿಂದ ಎರಡು ಮೂರು ತಲೆಮಾರುಗಳ ಯುವಕರ ಅನ್ನದ ಪ್ರಶ್ನೆ ನಿರ್ಣಯವಾಗುತ್ತ ಬಂದಿತೆಂದ ಮೇಲೆ, ಶಬ್ದಾರ್ಥಗಳನ್ನು ಪಾಠಹೇಳುವ ನಮಗೆ ಅದು ಪರಕೀಯವಾದ ವಿಷಯವೆನಿಸದು.

ಮೊದಲು ನಿಯಮದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವೆನು. ಆ ದೇಶದಲ್ಲಿ ಕಾಲೇಜು ಕಾಲೇಜುಗಳ ನಡುವಣ ಪಂದ್ಯಗಳನ್ನು ನ್ಯಾಷನಲ್ ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಸಂಸ್ಥೆ ನಿಯಂತ್ರಿಸುತ್ತದೆ; ಮುಂದೆ ಅದನ್ನು ‘ಸಂಘ’ವೆಂದಷ್ಟೇ ಕರೆಯಲಾಗುವುದು. ಅದರ ನಿಯಮಗಳಲ್ಲಿ ಎರಡು ಕವಲುಗಳು. ಒಂದು ಅರ್ಹತೆಯದು: ಆಡುವವನು ನಿಜವಾಗಿಯೂ ಓದುತ್ತಿರಬೇಕು, ಇಂತಿಷ್ಟು ಅಂಕಗಳನ್ನು ಪಡೆದಿರಬೇಕು, ಐದು ವರ್ಷಗಳೊಳಗೆ ನಾಲ್ಕು ಋತುಗಳಿಗಿಂತ ಹೆಚ್ಚು ಆಡಕೂಡದು, ಇತ್ಯಾದಿ. ಇನ್ನೊಂದು ‘ಅನುಚಿತ ಲಾಭ’ದ ನಿಷೇಧ: ಇತರ ವಿದ್ಯಾರ್ಥಿಗಳಿಗೆ ದೊರೆಯದ ಹಣ, ವಸ್ತು, ಊಟ, ವಾಹನ, ಸಾಲ ಯಾವುದನ್ನೂ ಅವನು ತನ್ನ ಆಟದ ನಿಮಿತ್ತದಿಂದ ಪಡೆಯಕೂಡದು, ಪಡೆದರೆ ಅರ್ಹತೆ ನಷ್ಟ. ಹೀಗೆ ಎರಡನೆಯ ಕವಲು ಮೊದಲನೆಯದರೊಳಕ್ಕೇ ಬಂದು ಸೇರುತ್ತದೆ. ಓದದವನೂ ಅನರ್ಹ, ಹಣ ಪಡೆದವನೂ ಅನರ್ಹ. ಇವುಗಳಲ್ಲಿ ಯಾವುದನ್ನು ಸಂಘವು ಹೆಚ್ಚು ಎಚ್ಚರದಿಂದ ಕಾಯಿತೆಂಬುದನ್ನು ಮುಂದೆ ನೋಡೋಣ.

ನಿಷೇಧವು ಆಟದೊಡನೆಯೇ ಹುಟ್ಟಿತೆಂದು ತಿಳಿಯುವವರುಂಟು, ಅದು ಸರಿಯಲ್ಲ. ಅಮೆರಿಕೆಯಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಸ್ಪರ್ಧೆಯೆಂದು ಹೇಳಲಾಗುವ ಹಾರ್ವರ್ಡ್-ಯೇಲ್ ದೋಣಿಯೋಟವು ೧೮೫೨ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ನ್ಯೂ ಹ್ಯಾಂಪ್‌ಷೈರಿನ ವಿನ್ನಿಪೆಸಾಕಿ ಸರೋವರದಲ್ಲಿ ನಡೆಯಿತು. ಆ ಸರೋವರದ ಕಡೆಗೆ ಹೋಗುವ ರೈಲುಮಾರ್ಗದ ಅಧಿಕಾರಿಯೊಬ್ಬನು ಪ್ರಯಾಣಿಕರು ಹೆಚ್ಚುವರೆಂಬ ಆಸೆಯಿಂದ ಹುಡುಗರ ಪ್ರಯಾಣ, ವಸತಿ, ಊಟಗಳ ವೆಚ್ಚವನ್ನೆಲ್ಲ ತಾನೇ ವಹಿಸಿದನು, ಪಾನಕ್ಕೂ ಕೊರತೆಯಿರಲಿಲ್ಲವಂತೆ. ಸಂಘದ ನಿಯಮಾವಳಿಯನ್ನು ಹಿಂದಕ್ಕೆ ಅನ್ವಯಿಸುವುದಾದರೆ ಅಂದು ಹುಟ್ಟಿದ ಶಿಶುವು ಹುಟ್ಟಿದ ಕ್ಷಣದಲ್ಲೇ ಅನರ್ಹವಾಗುತ್ತಿದ್ದಿತು. ೧೮೫೫ರಲ್ಲಿ ಅದೇ ಕಾಲೇಜುಗಳು ಮತ್ತೆ ಸ್ಪರ್ಧಿಸಿದಾಗ, ಹಾರ್ವರ್ಡಿನ ಚುಕ್ಕಾಣಿಗನು ಆಗ ವಿದ್ಯಾರ್ಥಿಯಾಗಿರಲಿಲ್ಲವೆಂದು ಯೇಲ್‌ನವರು ಆಕ್ಷೇಪಿಸಿದರು. ಅರ್ಹತೆಯ ವಿವಾದಕ್ಕೆ ಇದೇ ಬೀಜ. ಗಮನಿಸತಕ್ಕ ಅಂಶವೆಂದರೆ, ಈ ಮೊದಲ ಆಕ್ಷೇಪವು ವಿದ್ಯಾರ್ಥಿತ್ವದ ಮೇಲೆ ಬಂದಿತೇ ಹೊರತು ಹಣದ ಮೇಲಲ್ಲ.

ಹಣವನ್ನು ಮುಟ್ಟದಿರುವುದೇ ಆಟಗಾರನ ಶುದ್ಧಿಯೆಂಬ ಭಾವನೆ ಇಂಗ್ಲೆಂಡಿನಿಂದ ಬಂದುದು. ‘ಅಮೆಚೂರ್’ ಎಂಬ ಪದವು ಲ್ಯಾಟಿನ್ನಿನ ‘ಪ್ರೀತಿಸು’ ಎಂಬರ್ಥದ ಧಾತುವಿನಿಂದ ಫ್ರೆಂಚಿನ ಮೂಲಕ ಇಳಿದಿದೆ. ನಾವು ‘ಹವ್ಯಾಸಿ’ ಎನ್ನುತ್ತೇವೆ. ಆದರೆ ೧೯ನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಪದದ ಲಕ್ಷಣದೊಳಗೆ ಪ್ರೀತಿಯ ಮಾತೇ ಇರಲಿಲ್ಲ. ೧೮೬೬ರಲ್ಲಿ ಸ್ಥಾಪಿತವಾದ ಅಮೆಚೂರ್ ಅಥ್ಲೆಟಿಕ್ ಕ್ಲಬ್ಬಿನವರೂ ೧೮೭೯ರಲ್ಲಿ ಹೆನ್ಲಿಯ ದೋಣಿಸ್ಪರ್ಧೆಯ ವ್ಯವಸ್ಥಾಪಕರೂ ಮಾಡಿದ ಲಕ್ಷಣಗಳಲ್ಲಿ, ಹಣಕ್ಕಾಗಿ ಸ್ಪರ್ಧಿಸಿದವರು ಮಾತ್ರವಲ್ಲ, ಕೂಲಿಗಾಗಿ ಕೈಕಸುಬು ಮಾಡುವವರೂ ಹೊರಗಾದರು. ಮರಗೆಲಸದವನು ಎಷ್ಟೇ ಪ್ರೀತಿಯಿಂದ ಹುಟ್ಟುಹಾಕಿದರೂ ಅವನು ‘ಪ್ರೇಮಿ’ಯಲ್ಲ! ಹೆನ್ಲಿಯಲ್ಲಿ ಈ ಪ್ರತಿಬಂಧವು ೧೯೩೭ರ ವರೆಗೂ ಉಳಿದಿತ್ತು. ಒಂದು ಕಾಲಕ್ಕೆ ಇಟ್ಟಿಗೆಗೆಲಸ ಮಾಡಿದ್ದ ಅಮೆರಿಕೆಯ ಜಾನ್ ಕೆಲ್ಲಿ ೧೯೨೦ರಲ್ಲಿ ಅಲ್ಲಿ ಪ್ರವೇಶವನ್ನು ಪಡೆಯಲಾರದೆ, ಅದೇ ವರ್ಷ ಆಂಟ್‌ವರ್ಪಿನ ಒಲಿಂಪಿಕ್ ಸ್ಪರ್ಧೆಯಲ್ಲಿ ಹೆನ್ಲಿಯ ವಿಜೇತನನ್ನೇ ಸೋಲಿಸಿದನು.

ಈ ಇಂಗ್ಲಿಷ್ ಆಚಾರಕ್ಕೆ ಪ್ರಾಚೀನ ಗ್ರೀಸಿನ ಪ್ರಾಮಾಣ್ಯವನ್ನು ಹಚ್ಚಿದುದು ಇನ್ನೂ ವಿಚಿತ್ರ. ಒಲಿಂಪಿಯಾದಲ್ಲಿ ಗೆದ್ದವನಿಗೆ ಎಲೆಯ ಕಿರೀಟ ಮಾತ್ರ ದೊರೆಯುತ್ತಿತ್ತೆಂಬುದು ನಿಜ. ಅವನು ಊರಿಗೆ ಮರಳಿದ ಮೇಲೆ? ಸೋಲನ್ ಎಂಬ ಶಾಸನಕರ್ತನು ಆಥೆನ್ಸಿನ ಒಲಿಂಪಿಕ್ ವಿಜೇತನಿಗೆ ೫೦೦ ದ್ರಖ್ಮಗಳನ್ನು ಗೊತ್ತುಮಾಡಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಆಥೆನ್ಸಿನ ಪನಥೆನಾಯಿಯ ಕ್ರೀಡೆಗಳಲ್ಲಿ ಬಹುಮಾನವಾಗಿ ಕೊಡುತ್ತಿದ್ದ ಎಣ್ಣೆಯ ಕೊಡಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಡೇವಿಡ್ ಯಂಗ್ ಎಂಬ ವಿದ್ವಾಂಸರು ೧೯೮೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಗ್ರೀಕರ ‘ಹವ್ಯಾಸಿ’ ಎಂಬುವನು ಆಧುನಿಕರ ಕಲ್ಪನೆಯೆಂದು ಸಾಧಿಸಿದರು. ಅಷ್ಟೇಕೆ, ‘ಅಥ್ಲೀಟ್’ ಎಂಬ ಪದಕ್ಕೆ ಮೂಲವಾದ ಗ್ರೀಕಿನ ‘ಅಥ್ಲೋನ್’ ಎಂದರೆ ಬಹುಮಾನ. ಬಹುಮಾನಕ್ಕಾಗಿ ಹೆಣಗುವವನೇ ಯೌಗಿಕಾರ್ಥದಲ್ಲಿ ಅಥ್ಲೀಟ್. ಬಹುಮಾನವನ್ನು ಪಡೆಯದ ಅಥ್ಲೀಟ್ ಎಂದರೆ ವದತೋವ್ಯಾಘಾತವಾದೀತು.

ಇರಲಿ, ಅಮೆರಿಕೆಗೆ ಮರಳೋಣ. ೧೯೦೪ರಲ್ಲಿ ಯೇಲ್ ತಂಡದ ನಾಯಕನಾಗಿದ್ದ ಜೇಮ್ಸ್ ಹೋಗನ್ ಎಂಬುವನಿಗೆ ಊಟ, ಶುಲ್ಕವಿನಾಯಿತಿ, ಕ್ಯೂಬಾ ದ್ವೀಪಕ್ಕೆ ವಿಹಾರ ಇವಲ್ಲದೆ, ಅಮೆರಿಕನ್ ಟೊಬ್ಯಾಕೊ ಕಂಪೆನಿಯ ಸಿಗರೇಟುಗಳ ಏಜೆನ್ಸಿಯೂ ದೊರೆತಿದ್ದಿತು. ಆ ಕಾಲದಲ್ಲಿ ಫುಟ್‌ಬಾಲಿನಲ್ಲಿ ಸಾವುಗಳು ಹೆಚ್ಚಿದುದರಿಂದ ೧೯೦೫ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನಿನ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಯಿಸಿದರು. ಅದರ ಬೆನ್ನಿಗೆ ೧೯೦೬ರಲ್ಲಿ ಸ್ಥಾಪಿತವಾದ ಸಂಸ್ಥೆಯೇ ೧೯೧೦ರಲ್ಲಿ ಈಗಿನ ಹೆಸರನ್ನು ತಾಳಿತು. ಪ್ರಾಣರಕ್ಷಣೆಗಾಗಿ ಹುಟ್ಟಿದ ಸಂಘವು ತನ್ನ ಮೊದಲ ನಿಬಂಧನೆಗಳಲ್ಲೇ, ಪ್ರತ್ಯಕ್ಷವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಣ ಪಡೆದವನು ಕಾಲೇಜಿನ ಪರವಾಗಿ ಆಡಕೂಡದೆಂದು ಬರೆಯಿತು. ಆದರೆ ದಂಡಿಸುವ ಶಕ್ತಿ ಅದಕ್ಕಿರಲಿಲ್ಲ.

ದಂಡವೇನಿದ್ದರೂ ದುರ್ಬಲನ ಮೇಲೆ ಬೀಳುತ್ತಿತ್ತು. ಕಾರ್ಲೈಲಿನ ಇಂಡಿಯನ್ ಪಾಠಶಾಲೆಯಲ್ಲಿ ಕಲಿತ ಮೂಲನಿವಾಸಿ ತರುಣ ಜಿಮ್ ಥೋರ್ಪ್, ೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಪೆಂಟಥ್ಲಾನ್, ಡೆಕಥ್ಲಾನ್ ಎರಡರಲ್ಲಿಯೂ ಗೆದ್ದನು. ಹಿಂದೆ ಎರಡು ಬೇಸಿಗೆಗಳಲ್ಲಿ ಅಲ್ಪವೇತನಕ್ಕೆ ಬೇಸ್‌ಬಾಲ್ ಆಡಿದ್ದನೆಂದು ೧೯೧೩ರಲ್ಲಿ ಅವನ ಪದಕಗಳನ್ನು ಕಿತ್ತುಕೊಂಡರು. ಬೇಸ್‌ಬಾಲಿಗೂ ಅವನು ಗೆದ್ದ ಸ್ಪರ್ಧೆಗಳಿಗೂ ಸಂಬಂಧವಿರಲಿಲ್ಲ. ಅನೇಕ ಕಾಲೇಜು ಹುಡುಗರು ಸುಳ್ಳು ಹೆಸರಿನಲ್ಲಿ ಅದೇ ಕೆಲಸವನ್ನು ಮಾಡುತ್ತಿದ್ದರು, ಇವನು ತನ್ನ ನಿಜವಾದ ಹೆಸರಿನಲ್ಲಿ ಆಡಿದ್ದನು. ಆಕ್ಷೇಪಣೆಗೆ ಗೊತ್ತುಮಾಡಿದ್ದ ೩೦ ದಿನಗಳ ಅವಧಿಯೂ ಮೀರಿಹೋಗಿತ್ತು. ಅವನ ಗೆಲುವುಗಳು ೧೯೮೨ರಲ್ಲಿ ಅರ್ಧವಾಗಿಯೂ ೨೦೨೨ರಲ್ಲಿ ಪೂರ್ಣವಾಗಿಯೂ ಮಾನ್ಯವಾದವು. ಥೋರ್ಪ್ ಸತ್ತದ್ದು ೧೯೫೩ರಲ್ಲಿ.

೧೯೨೯ರಲ್ಲಿ ಕಾರ್ನೆಗಿ ಪ್ರತಿಷ್ಠಾನದವರು ಪ್ರಕಟಿಸಿದ ವರದಿಯ ಪ್ರಕಾರ, ಪರೀಕ್ಷಿಸಿದ ೧೧೨ ಕಾಲೇಜುಗಳಲ್ಲಿ ೮೧ ಆಟಗಾರರಿಗೆ ಒಂದಲ್ಲ ಒಂದು ಬಗೆಯ ಆಮಿಷವನ್ನು ಒಡ್ಡುತ್ತಿದ್ದವು. ಸಂಘವು ೧೯೪೮ರಲ್ಲಿ ‘ವಿವೇಕ ಸಂಹಿತೆ’ ಎಂಬರ್ಥದ ಹೆಸರಿನ ಕಟ್ಟಳೆಯನ್ನು ಮಾಡಿ, ಬಡತನವಿದ್ದರೆ ಮಾತ್ರ ಶುಲ್ಕದಷ್ಟು ನೆರವನ್ನು ಕೊಡಬಹುದೆಂದಿತು. ಇದನ್ನು ಪಾಲಿಸಲಾರೆವೆಂದು ಏಳು ಕಾಲೇಜುಗಳು ಬಾಯಿಬಿಟ್ಟು ಹೇಳಿದವು. ೧೯೫೦ರಲ್ಲಿ ಅವುಗಳನ್ನು ಹೊರಹಾಕಲು ಮತ ತೆಗೆದುಕೊಂಡಾಗ ಮೂರರಲ್ಲೆರಡು ಬಹುಮತ ಸಿಕ್ಕಲಿಲ್ಲ. ಮರುವರ್ಷ ಸಂಹಿತೆಯೇ ರದ್ದಾಯಿತು. ಕಡೆಗೆ ೧೯೫೬ರಲ್ಲಿ ಆಟದ ಯೋಗ್ಯತೆಯನ್ನೇ ನೋಡಿ ಶುಲ್ಕ, ವಸತಿ, ಊಟ, ಪುಸ್ತಕಗಳನ್ನು ಕೊಡಬಹುದೆಂದು ಒಪ್ಪಿದರು. ಅಂದರೆ ಆಟಕ್ಕೆ ಪ್ರತಿಫಲವುಂಟೆಂದು ಒಪ್ಪಿಯೇ ಅದನ್ನು ಪ್ರತಿಫಲವೆನ್ನಕೂಡದೆಂಬ ಸ್ಥಿತಿ ಬಂದಿತು. ಹೊಸ ಶಬ್ದವೊಂದು ಬೇಕಾದುದು ಈ ಸಂಧಿಯಲ್ಲಿ.

ಅದಕ್ಕೆ ಒದಗಿದ ನಿಮಿತ್ತವು ಎರಡು ಮೊಕದ್ದಮೆಗಳು. ಡೆನ್ವರ್ ವಿಶ್ವವಿದ್ಯಾನಿಲಯದಲ್ಲಿ ಫುಟ್‌ಬಾಲ್ ಆಡುವಾಗ ಗಾಯಗೊಂಡ ನೆಮೆತ್ ಎಂಬ ಹುಡುಗನಿಗೆ ಅದೇ ವಿಶ್ವವಿದ್ಯಾನಿಲಯವು ಟೆನಿಸ್ ಅಂಗಣವನ್ನು ನೋಡಿಕೊಳ್ಳುವ ಕೆಲಸವನ್ನು ಕೊಟ್ಟಿದ್ದಿತು. ಆ ಕೆಲಸವು ಆಟಕ್ಕೆ ಕಟ್ಟುಬಿದ್ದುದಾದ್ದರಿಂದ ಅವನು ನೌಕರನೇ, ಕಾರ್ಮಿಕ ಪರಿಹಾರಕ್ಕೆ ಅರ್ಹನೇ, ಎಂದು ೧೯೫೩ರಲ್ಲಿ ಕೊಲರಾಡೊ ಸಂಸ್ಥಾನದ ವರಿಷ್ಠ ನ್ಯಾಯಾಲಯವು ತೀರ್ಮಾನಿಸಿತು. ಎರಡು ವರ್ಷಗಳಲ್ಲಿ ಅದೇ ಸಂಸ್ಥಾನದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಎಂಬಾತನು ಆಟದಲ್ಲಿ ತಲೆಗೆ ಪೆಟ್ಟುಬಿದ್ದು ಸತ್ತನು. ಅವನ ಪತ್ನಿ ಪರಿಹಾರಧನವನ್ನು ಕೇಳಿದಳು. ಕಾಲೇಜು ಫುಟ್‌ಬಾಲಿನ ವ್ಯಾಪಾರದಲ್ಲಿ ತೊಡಗಿಲ್ಲ, ಆದಕಾರಣ ಮೃತನು ನೌಕರನಲ್ಲ ಎಂದು ೧೯೫೭ರಲ್ಲಿ ಅದೇ ನ್ಯಾಯಾಲಯವು ಹೇಳಿತು. ವಿಧವೆಗೆ ಏನೂ ದೊರೆಯಲಿಲ್ಲ.

ಆ ಕಾಲದಲ್ಲಿ ಸಂಘದ ಕಾರ್ಯನಿರ್ವಾಹಕರಾಗಿದ್ದವರು ವಾಲ್ಟರ್ ಬೈಯರ್ಸ್. ೧೯೫೧ರಿಂದ ಮೂರು ದಶಕಗಳಿಗೂ ಮೀರಿ ಆ ಪದವಿಯಲ್ಲಿದ್ದರು. ೧೯೯೫ರಲ್ಲಿ ಪ್ರಕಟಿಸಿದ ಆತ್ಮವೃತ್ತಾಂತದಲ್ಲಿ ಅವರು ನಡೆದುದನ್ನು ಮುಚ್ಚಿಡದೆ ತಿಳಿಸಿದ್ದಾರೆ: ಆಟಗಾರರನ್ನು ನೌಕರರೆಂದು ಗಣಿಸುವರೆಂಬ ಭಯದಿಂದ ‘ಸ್ಟೂಡೆಂಟ್-ಅಥ್ಲೀಟ್’ ಎಂಬ ಪದವನ್ನು ತಾವೇ ರೂಪಿಸಿ, ನಿಯಮಾವಳಿಯಲ್ಲೆಲ್ಲ ಸೇರಿಸಿ, ‘ಆಟಗಾರ’ ಎಂಬ ಮಾತಿನ ಬದಲಾಗಿ ಅದನ್ನೇ ಬಳಸಬೇಕೆಂದು ವಿಧಿಸಿದರಂತೆ. ಪಾರಿಭಾಷಿಕ ಶಬ್ದದ ಕರ್ತೃವೂ ಕಾಲವೂ ಪ್ರಯೋಜನವೂ ಇಷ್ಟು ಸ್ಪಷ್ಟವಾಗಿ ದೊರೆಯುವುದು ಅಪರೂಪ. ಇದೇ ಮಹಾಶಯರು ವೃದ್ಧಾಪ್ಯದಲ್ಲಿ ತಾವು ಕಟ್ಟಿದ ವ್ಯವಸ್ಥೆಯನ್ನೇ ಖಂಡಿಸಿದರೆಂಬುದನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಈಗ ಸಮಾಸವನ್ನು ಬಿಡಿಸಿ ನೋಡೋಣ. ದ್ವಂದ್ವವೆಂದರೆ ವಿದ್ಯಾರ್ಥಿಯೂ ಕ್ರೀಡಾಪಟುವೂ ಇಬ್ಬರಾಗುತ್ತಾರೆ, ಇಲ್ಲಿರುವವನು ಒಬ್ಬನೇ. ಕರ್ಮಧಾರಯವೆಂದರೆ ‘ವಿದ್ಯಾರ್ಥಿಯಾದ ಕ್ರೀಡಾಪಟು’ ಎಂದಾಗಿ, ಕ್ರೀಡಾಪಟುವೇ ವಿಶೇಷ್ಯ, ವಿದ್ಯಾರ್ಥಿತ್ವವು ಬರಿಯ ವಿಶೇಷಣ. ಸಂಘದ ವಾದಕ್ಕೆ ಬೇಕಾದುದು ಇದಕ್ಕೆ ತೀರ ವಿಪರೀತವಾದ ಅರ್ಥ: ಆಡುವುದು ಪ್ರಾಸಂಗಿಕ, ಓದುವುದೇ ಪ್ರಧಾನ. ಪೂರ್ವಪದಕ್ಕೆ ಪ್ರಾಧಾನ್ಯವನ್ನು ಕೊಡುವ ಸಮಾಸವು ಅವ್ಯಯೀಭಾವ. ಅಲ್ಲಿ ಸಾಮಾನ್ಯವಾಗಿ ಪೂರ್ವಪದವು ಅವ್ಯಯವಾಗಿರಬೇಕು, ಎಂದರೆ ಯಾವ ವಿಭಕ್ತಿಗೂ ವ್ಯಯವಾಗದೆ ಇರಬೇಕು. ನಗೆಗಾಗಿ ಹೇಳುವ ಮಾತಾದರೂ ಇದರಲ್ಲಿ ಪ್ರಶ್ನೆಯ ತಿರುಳಿದೆ. ಆ ವಿದ್ಯಾರ್ಥಿತ್ವವು ವ್ಯಯವಾಗದೆ ಉಳಿಯಿತೇ?

ದಾಖಲೆಗಳನ್ನು ನೋಡಿದರೆ ಮನಸ್ಸಿಗೆ ಖೇದವಾಗುತ್ತದೆ. ಅನುಚಿತ ಲಾಭದ ಕವಲು ಬೆಳೆಬೆಳೆದು ಅತಿಸೂಕ್ಷ್ಮವಾಯಿತು. ಬೇಗಲ್ ಎಂಬ ಬಳೆಯಾಕಾರದ ರೊಟ್ಟಿಯನ್ನು ಆಟಗಾರನಿಗೆ ಉಪಾಹಾರವಾಗಿ ಕೊಡಬಹುದು, ಅದಕ್ಕೆ ಸವರಿಕೊಳ್ಳಲು ಏನನ್ನಾದರೂ ಕೊಟ್ಟರೆ ಅದು ಊಟವಾಗಿ ನಿಷೇಧಕ್ಕೆ ಒಳಪಡುತ್ತದೆ ಎಂಬವರೆಗೂ ವ್ಯಾಖ್ಯಾನ ಸಾಗಿತ್ತು. ಏಕಾದಶಿಯ ದಿನ ಉಪ್ಪಿಟ್ಟು ಫಲಾಹಾರವೋ ಭೋಜನವೋ ಎಂದು ಚರ್ಚಿಸುವ ಹಿರಿಯರ ನಡುವೆ ಬೆಳೆದ ನನಗೆ ಇದರಲ್ಲಿ ಆಶ್ಚರ್ಯವೇನೂ ತೋರಲಿಲ್ಲ. ಆದರೆ ನಮ್ಮ ಹಿರಿಯರು ತಮ್ಮ ಊಟವನ್ನು ಕುರಿತು ಚರ್ಚಿಸುತ್ತಿದ್ದರು, ಇತರರ ಊಟವನ್ನಲ್ಲ. ಓಕ್ಲಹೋಮ ವಿಶ್ವವಿದ್ಯಾನಿಲಯದ ಮೂವರು ಹುಡುಗರು ಔತಣವೊಂದರಲ್ಲಿ ಪಾಸ್ತಾವನ್ನು ಮಿತಿಮೀರಿ ತಿಂದರೆಂದು ವಿಶ್ವವಿದ್ಯಾನಿಲಯವೇ ವರದಿಮಾಡಿ, ಅದರ ಬೆಲೆಯಾದ ೩ ಡಾಲರು ೮೩ ಸೆಂಟುಗಳನ್ನು ತಲೆಗೊಬ್ಬರಂತೆ ಧರ್ಮಕ್ಕೆ ಕೊಡಿಸಿದ ಸುದ್ದಿ ೨೦೧೪ರಲ್ಲಿ ಹೊರಬಿದ್ದಿತು. ಅದೇ ವರ್ಷ ಕನೆಕ್ಟಿಕಟ್ ತಂಡದ ಷಬಾಜ್ ನೇಪಿಯರ್, ತಾನು ಕೆಲವು ರಾತ್ರಿ ಹಸಿದು ಮಲಗುವುದುಂಟೆಂದು ಪತ್ರಕರ್ತರ ಮುಂದೆ ಹೇಳಿದ ಮೇಲೆ, ಕೆಲವೇ ದಿನಗಳಲ್ಲಿ ಊಟದ ಮಿತಿಯನ್ನು ಸಂಘವು ತೆಗೆದುಹಾಕಿತು. ೨೦೧೦ರಲ್ಲಿ ಜಾರ್ಜಿಯಾದ ಎ. ಜೆ. ಗ್ರೀನ್ ತಾನು ಆಡುವಾಗ ತೊಟ್ಟ ಅಂಗಿಯನ್ನು ೧,೦೦೦ ಡಾಲರಿಗೆ ಮಾರಿ ನಾಲ್ಕು ಪಂದ್ಯಗಳಿಂದ ಹೊರಗುಳಿದನು. ಅವನ ಸಂಖ್ಯೆಯಿದ್ದ ಅಂಥವೇ ಅಂಗಿಗಳು ಕಾಲೇಜಿನ ಅಂಗಡಿಯಲ್ಲಿ ಆಗಲೂ ಮಾರಾಟವಾಗುತ್ತಿದ್ದವು. ಅದೇ ೨೦೧೦ರಲ್ಲಿ ಸಂಘವು ತನ್ನ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು ೧೪ ವರ್ಷಗಳಿಗೆ ೧,೦೮೦ ಕೋಟಿ ಡಾಲರುಗಳಿಗೆ ವಿಕ್ರಯಿಸಿತು.

ವಿದ್ಯೆಯ ಕವಲಿನ ಗತಿಯೇನಾಯಿತು? ೧೯೮೬ರಿಂದ ಪ್ರವೇಶಕ್ಕೆ ಕನಿಷ್ಠ ಅಂಕಗಳು ಜಾರಿಗೆ ಬಂದವು, ನಿಜ. ಆದರೆ ಪ್ರಸಿದ್ಧವಾದ ಉತ್ತರ ಕೆರೊಲಿನ ವಿಶ್ವವಿದ್ಯಾನಿಲಯದಲ್ಲಿ ೧೯೯೩ರಿಂದ ೨೦೧೧ರ ವರೆಗೆ, ಪಾಠವೇ ನಡೆಯದ, ಒಂದು ಪ್ರಬಂಧವನ್ನು ಒಪ್ಪಿಸಿದರೆ ಒಳ್ಳೆಯ ಅಂಕ ದೊರೆಯುವ ತರಗತಿಗಳು ನಡೆದುವೆಂದೂ, ಸುಮಾರು ೩,೧೦೦ ವಿದ್ಯಾರ್ಥಿಗಳು ಅವುಗಳಲ್ಲಿದ್ದರೆಂದೂ, ಅವರಲ್ಲಿ ಅರ್ಧದಷ್ಟು ಮಂದಿ ಆಟಗಾರರೆಂದೂ ೨೦೧೪ರ ವಿಚಾರಣಾ ವರದಿ ತೋರಿಸಿತು. ಸಂಘವು ವಿಚಾರಮಾಡಿ ೨೦೧೭ರಲ್ಲಿ ಕೊಟ್ಟ ನಿರ್ಣಯವೇನೆಂದರೆ: ಆ ತರಗತಿಗಳು ಆಟಗಾರರಲ್ಲದವರಿಗೂ ತೆರೆದಿದ್ದವು, ಆದಕಾರಣ ಆಟಗಾರರಿಗೆ ‘ವಿಶೇಷ ಲಾಭ’ವೇನೂ ಆಗಲಿಲ್ಲ, ಆದಕಾರಣ ದಂಡವಿಲ್ಲ. ಪಾಸ್ತಾ ಇತರರಿಗೆ ಸಿಕ್ಕದ ಲಾಭ, ವಿದ್ಯಾಹೀನತೆ ಎಲ್ಲರಿಗೂ ಸಮವಾಗಿ ಸಿಕ್ಕಿದ ಲಾಭ! ‘ಇತರರಿಗೆ ದೊರೆಯದ’ ಎಂಬ ವಿಶೇಷಣವನ್ನು ಹಣದ ನಿಷೇಧಕ್ಕಾಗಿ ಹಾಕಿದವರು ಅದು ವಿದ್ಯೆಯ ರಕ್ಷಣೆಯಲ್ಲಿ ಅವ್ಯಾಪ್ತಿದೋಷವನ್ನು ತರುವುದೆಂದು ಕಾಣಲಿಲ್ಲ. ಕಂಡ ಮೇಲೆಯೂ ತಿದ್ದಲು ಆತುರಪಡಲಿಲ್ಲ.

ಪೂರ್ವಪಕ್ಷಕ್ಕೆ ಬಲವಿಲ್ಲವೆಂದು ಹೇಳಲಾರೆನು. ಪಾಠಶಾಲೆಯ ಅನ್ನವನ್ನುಂಡು ಓದಿದವನಾದ ನನಗೆ ವಿದ್ಯಾಸ್ಥಾನದೊಳಕ್ಕೆ ಹರಾಜಿನ ಕೂಗು ಬರುವುದೆಂದರೆ ಅಳುಕುಂಟು. ಟೆಕ್ಸಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿ ಧನಿಕ ಅಭಿಮಾನಿಯೊಬ್ಬರ ಗುಪ್ತನಿಧಿಯಿಂದ ೧೩ ಆಟಗಾರರಿಗೆ ೬೧,೦೦೦ ಡಾಲರುಗಳು ಸಂದಾಯವಾದುದಕ್ಕಾಗಿ ೧೯೮೭ರಲ್ಲಿ ಆ ಋತುವಿನ ಫುಟ್‌ಬಾಲನ್ನೇ ಸಂಘವು ನಿಲ್ಲಿಸಿದಾಗ, ಕಾಲೇಜಿನ ಆಡಳಿತವು ಧನಿಕರ ಕೈಗೊಂಬೆಯಾಗದಿರಲೆಂಬ ಸದುದ್ದೇಶವೂ ಅದರಲ್ಲಿ ಇದ್ದಿತು. ಮಾಳವಿಕಾಗ್ನಿಮಿತ್ರದ ಪ್ರಥಮಾಂಕದಲ್ಲಿ, ವಿದ್ಯೆಯನ್ನು ಕೇವಲ ಜೀವಿಕೆಗಾಗಿ ಇಟ್ಟುಕೊಂಡವನು ವರ್ತಕನೆಂದು ನಾಟ್ಯಾಚಾರ್ಯ ಗಣದಾಸನು ಆಡುವ ಮಾತನ್ನು ನಾವೆಲ್ಲ ಮೆಚ್ಚಿ ಪಾಠಹೇಳುತ್ತೇವೆ. ಆದರೆ ಅದೇ ಅಂಕದಲ್ಲಿ ವಿದೂಷಕನು ಈ ಆಚಾರ್ಯರಿಗೆ ಕೊಡುವ ವೇತನದ ಮಾತನ್ನೂ ಎತ್ತುತ್ತಾನೆಂಬುದನ್ನು ಮರೆಯುತ್ತೇವೆ. ಅಮೆರಿಕೆಯ ಹಲವು ಸಂಸ್ಥಾನಗಳಲ್ಲಿ ಸರ್ಕಾರದಿಂದ ಅತ್ಯಧಿಕ ಸಂಬಳ ಪಡೆಯುವವನು ಕಾಲೇಜಿನ ಆಟದ ತರಬೇತುದಾರನು. ನಿಸ್ಪೃಹತೆಯನ್ನು ಶಿಷ್ಯನಿಗೆ ಮಾತ್ರ ವಿಧಿಸಿದ ಶಾಸ್ತ್ರವನ್ನು ನಾನು ಓದಿಲ್ಲ.

ನಮ್ಮ ಧರ್ಮಶಾಸ್ತ್ರದಲ್ಲಿ ಇದಕ್ಕೆ ಹತ್ತಿರವಾದ ವಿಚಾರವೊಂದು ‘ವಿದ್ಯಾಧನ’ ಪ್ರಕರಣದಲ್ಲಿ ಬರುತ್ತದೆ. ಪಿತೃದ್ರವ್ಯಕ್ಕೆ ಹಾನಿಯಿಲ್ಲದೆ ಗಳಿಸಿದ ವಿದ್ಯಾಧನವನ್ನು ದಾಯಾದಿಗಳಿಗೆ ಹಂಚಬೇಕಿಲ್ಲವೆಂದು ಯಾಜ್ಞವಲ್ಕ್ಯರು ಹೇಳಿದುದನ್ನು ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರರು ಮಿತಾಕ್ಷರೆಯಲ್ಲಿ ವಿಸ್ತರಿಸಿದ್ದಾರೆ. ನಿಬಂಧಕಾರರು ಉದ್ಧರಿಸುವ ಕಾತ್ಯಾಯನವಚನದ ಪ್ರಕಾರ, ಪರರ ಅನ್ನವನ್ನುಂಡು ಪರರಿಂದ ಕಲಿತ ವಿದ್ಯೆಯಿಂದ ಬಂದುದೇ ವಿದ್ಯಾಧನ. ಇದು ಅಣ್ಣತಮ್ಮಂದಿರ ವಿಭಾಗದ ಮಾತು, ಅನ್ನವಿಟ್ಟವನ ಹಕ್ಕಿನ ಮಾತಲ್ಲ, ಎಳೆದು ಅನ್ವಯಿಸತಕ್ಕುದಲ್ಲ. ಆದರೂ ಅನ್ನವಿಟ್ಟವನೇ ಗಳಿಕೆಗೆ ಒಡೆಯನೆಂಬ ಕಲ್ಪನೆ ಆ ವಚನದಲ್ಲಿ ಎಲ್ಲಿಯೂ ಹಣಿಕಿಕ್ಕುವುದಿಲ್ಲ.

ನ್ಯಾಯಾಲಯಗಳಲ್ಲಿ ಸಂಘಕ್ಕೆ ಬಹುಕಾಲ ಆಸರೆಯಾಗಿದ್ದುದು ೧೯೮೪ರ ಒಂದು ತೀರ್ಪು. ಆ ವ್ಯಾಜ್ಯ ದೂರದರ್ಶನ ಪ್ರಸಾರವನ್ನು ಕುರಿತದ್ದು. ಅದರಲ್ಲಿ ಸಂಘವು ಸೋತಿತು. ಆದರೆ ತೀರ್ಪನ್ನು ಬರೆದ ನ್ಯಾಯಮೂರ್ತಿ ಸ್ಟೀವನ್ಸರು, ಕಾಲೇಜು ಆಟದ ಸ್ವರೂಪ ಉಳಿಯಬೇಕಾದರೆ ಆಟಗಾರರಿಗೆ ಹಣ ಕೊಡಕೂಡದೆಂದು ಪ್ರಸಂಗವಶಾತ್ ಹೇಳಿದ್ದರು. ಈ ಅರ್ಥವಾದವನ್ನು ಸಂಘವು ಮೂವತ್ತೇಳು ವರ್ಷ ವಿಧಿವಾಕ್ಯದಂತೆ ಬಳಸಿಕೊಂಡಿತು. ೨೦೨೧ನೆಯ ಜೂನ್ ೨೧ರಂದು ಆಲ್ಸ್ಟನ್ ಮೊಕದ್ದಮೆಯಲ್ಲಿ ಸಂಯುಕ್ತ ಸಂಸ್ಥಾನಗಳ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಏಕಮತರಾಗಿ ಅದು ವಿಧಿಯಲ್ಲವೆಂದರು. ವಿದ್ಯಾಸಂಬಂಧಿಯಾದ ನೆರವಿಗೆ ಹಾಕಿದ್ದ ಮಿತಿಗಳು ಬಿದ್ದುಹೋದುವು. ನ್ಯಾಯಮೂರ್ತಿ ಕ್ಯಾವನಾ ತಮ್ಮ ಪ್ರತ್ಯೇಕಾಭಿಪ್ರಾಯದಲ್ಲಿ ತೋರಿಸಿದ ದೋಷವು ತರ್ಕಸಂಗ್ರಹವನ್ನು ಓದಿದವರಿಗೆ ಕೂಡಲೇ ಹೊಳೆಯತಕ್ಕುದು. ಇವರಿಗೆ ವೇತನವೇಕಿಲ್ಲ? ಹವ್ಯಾಸಿಗಳಾದುದರಿಂದ. ಹವ್ಯಾಸಿಗಳೆಂದರಾರು? ವೇತನವಿಲ್ಲದವರು. ಇದು ಅನ್ಯೋನ್ಯಾಶ್ರಯ.

ಆಮೇಲಿನದು ಬೇಗ ನಡೆಯಿತು. ಅದೇ ೨೦೨೧ರ ಜುಲೈ ೧ರಿಂದ ಆಟಗಾರರು ತಮ್ಮ ಹೆಸರು, ರೂಪಗಳ ಬಳಕೆಯಿಂದ ಹಣ ಪಡೆಯಬಹುದಾಯಿತು. ಈ ದಾರಿಯನ್ನು ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೧೯ರ ಶಾಸನದಿಂದ ಮೊದಲೇ ತೆರೆದಿದ್ದಿತು. ೨೦೨೫ರ ಜೂನ್ ೬ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ನರು ಅನುಮೋದಿಸಿದ ‘ಹೌಸ್’ ಒಪ್ಪಂದದಂತೆ, ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು ೨೮೦ ಕೋಟಿ ಡಾಲರುಗಳು ಸಲ್ಲಬೇಕು. ಒಪ್ಪಂದಕ್ಕೆ ಸೇರಿದ ಕಾಲೇಜು ಮೊದಲ ವರ್ಷದಲ್ಲಿ ೨ ಕೋಟಿ ೫ ಲಕ್ಷ ಡಾಲರುಗಳ ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಹೊರಗಿನವರೊಡನೆ ಮಾಡಿಕೊಳ್ಳುವ ೬೦೦ ಡಾಲರುಗಳಿಗೆ ಮೀರಿದ ಕರಾರುಗಳನ್ನು ಪರೀಕ್ಷೆಗೆ ಒಪ್ಪಿಸಬೇಕೆಂಬ ಹೊಸ ಕಟ್ಟಳೆಯೂ ಬಂದಿದೆ. ಅನುಚಿತ ಲಾಭವೆಂಬುದು ಅಳಿಯಲಿಲ್ಲ, ಅದರ ಎಲ್ಲೆ ಸರಿಯಿತು.

ಆದರೆ ಆಟಗಾರನು ನೌಕರನೇ ಎಂಬ ಪ್ರಶ್ನೆಯನ್ನು ಆ ಒಪ್ಪಂದವು ಮುಟ್ಟಲಿಲ್ಲ. ೨೦೨೪ರ ಜುಲೈಯಲ್ಲಿ ಫಿಲಡೆಲ್ಫಿಯಾದ ಮೇಲ್ಮನವಿ ನ್ಯಾಯಾಲಯವು, ಆಟಗಾರರು ಕೆಲವು ಸಂದರ್ಭಗಳಲ್ಲಿ ನೌಕರರಾಗಿರಬಹುದು, ಹವ್ಯಾಸಿತ್ವದ ಹೆಸರೊಂದರಿಂದಲೇ ಅದನ್ನು ನಿರಾಕರಿಸಲಾಗದು ಎಂದು ಹೇಳಿ ವ್ಯಾಜ್ಯವನ್ನು ಕೆಳಗಿನ ನ್ಯಾಯಾಲಯಕ್ಕೆ ಹಿಂದಿರುಗಿಸಿತು. ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಾರರು ೨೦೨೪ರಲ್ಲಿ ೧೩ಕ್ಕೆ ೨ ಮತಗಳಿಂದ ಕಾರ್ಮಿಕ ಸಂಘಕ್ಕೆ ಸೇರಲು ನಿರ್ಧರಿಸಿ, ಆ ವರ್ಷದ ಕೊನೆಯ ದಿನ ತಮ್ಮ ಅರ್ಜಿಯನ್ನು ಹಿಂದಕ್ಕೆ ಪಡೆದರು. ೧೯೭೪ರಲ್ಲಿ ಆಟದಲ್ಲಿ ಬೆನ್ನುಮೂಳೆ ಮುರಿದು ನಡೆಯಲಾರದವನಾದ ಟೆಕ್ಸಾಸಿನ ಕೆಂಟ್ ವಾಲ್ಡ್ರೆಪ್ ಪರಿಹಾರವನ್ನು ಕೇಳಿದಾಗ, ಅವನು ನೌಕರನಾಗಿರಲಿಲ್ಲವೆಂದು ೨೦೦೦ದಲ್ಲಿ ಅಲ್ಲಿನ ನ್ಯಾಯಾಲಯವು ಕೊಟ್ಟ ತೀರ್ಪು ಹಾಗೆಯೇ ಇದೆ. ವೇತನವನ್ನು ತಡೆಯುವುದು ಈ ಸಮಾಸಕ್ಕೆ ಆಮೇಲೆ ಅಂಟಿಕೊಂಡ ಪ್ರಯೋಜನ, ಅದು ಸಡಿಲಿತು. ಡೆನಿಸನ್ನನ ವಿಧವೆಯಂಥವರಿಗೆ ಪರಿಹಾರವನ್ನು ನಿರಾಕರಿಸುವುದೇ ಅದರ ಮೊದಲ ಪ್ರಯೋಜನ. ಅದಕ್ಕೆ ಈ ಒಪ್ಪಂದದಿಂದ ಬಾಧಕವೇನೂ ಬಂದಿಲ್ಲ.